ಸುಭಿಕ್ಷಪುರದ ನರಭಕ್ಷಕರು

ಬಹಳ ಹಿಂದೆ, ಸುಳ್ಳು ಹೇಳುವುದಕ್ಕೆ ಇನ್ನೂ ಪ್ರತ್ಯೇಕ ಇಲಾಖೆ ಇಲ್ಲದೆ ಮಂತ್ರಿಗಳೇ ಖುದ್ದಾಗಿ ಹೇಳಬೇಕಾಗಿದ್ದ ಕಾಲದಲ್ಲಿ, ಸುಭಿಕ್ಷಪುರ ಎಂಬ ಒಂದು ರಾಜ್ಯವಿತ್ತು. ಓದುಗರು ಅದನ್ನು ಭೂಪಟದಲ್ಲಿ ಹುಡುಕುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಸುಭಿಕ್ಷವರ್ಮರು. ಅವರ ಹೊಟ್ಟೆ ದೊಡ್ಡದು, ಹೃದಯ ಅದಕ್ಕಿಂತ ದೊಡ್ಡದು ಎಂದು ಆಸ್ಥಾನ ಕವಿಗಳು ಹಾಡುತ್ತಿದ್ದರು. ಮೊದಲನೆಯ ಮಾತಿಗೆ ಸಾಕ್ಷಿ ಬೇಕಿರಲಿಲ್ಲ. ಎರಡನೆಯದನ್ನು ಯಾರೂ ಪರೀಕ್ಷಿಸಲು ಹೋಗಲಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಮಹಾರಾಜರು ಎದುರಾದಾಗ ಪ್ರಜೆಯಾದವನು ಕೈಮುಗಿದು, ತಲೆಬಾಗಿ, ಗಟ್ಟಿಯಾಗಿ ಒಂದು ಸಲ ತೇಗಬೇಕು. ತಮ್ಮ ಕೃಪೆಯಿಂದ ಹೊಟ್ಟೆ ತುಂಬಿದೆ ಎಂದು ಅದರ ಅರ್ಥ. ಇದಕ್ಕೆ ತೇಗುಸೇವೆ ಎಂದು ಹೆಸರು. ಒಮ್ಮೆ ತೇಗಿದವನು ಆಮೇಲೆ ಹಸಿವೆಂದು ದೂರು ಕೊಡುವಂತಿರಲಿಲ್ಲ. ತೇಗದವನು ರಾಜದ್ರೋಹಿ. ಹೀಗಾಗಿ ಆಡಳಿತ ಬಹಳ ಸುಗಮವಾಗಿ ನಡೆಯುತ್ತಿತ್ತು.

ಈ ಕಥೆ ಮಹಾರಾಜರದ್ದಲ್ಲ, ಅವರ ಆಸ್ಥಾನ ಪಂಡಿತ ತಿಪ್ಪಾಭಟ್ಟನದು. ತಿಪ್ಪಾಭಟ್ಟ ಕೆಟ್ಟವನಲ್ಲ. ಯಾವ ವಿಷಯ ಎತ್ತಿದರೂ ಹಳೆಯ ಗ್ರಂಥಗಳಿಂದ ಅದರ ಪರವಾಗಿ ಒಂದಿಷ್ಟು ವಚನ, ವಿರುದ್ಧವಾಗಿ ಒಂದಿಷ್ಟು ವಚನ ತೆಗೆದಿಟ್ಟುಕೊಂಡು, ಮಹಾರಾಜರ ಹುಬ್ಬು ಯಾವ ಕಡೆ ಏರುತ್ತದೆಂದು ನೋಡಿ ಬಾಯಿ ತೆರೆಯುತ್ತಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ದೇವೀರಮ್ಮ. ಗಂಡನನ್ನು ಕಳೆದುಕೊಂಡ ಮೇಲೆ ಅವಳು ಕೋಟೆಯೊಳಗೇ, ಹಿತ್ತಲಲ್ಲಿ ಒಂದು ನುಗ್ಗೆಮರವಿದ್ದ ಸಣ್ಣ ಮನೆಯಲ್ಲಿ, ಮಗಳು ತುಂಗೆಯೊಂದಿಗೆ ಇದ್ದಳು. ತುಂಗೆಗೆ ಮದುವೆ ಗೊತ್ತಾಗಿತ್ತು. ಧಾರೆಸೀರೆ ಸೋದರಮಾವನದೇ ಎಂದು ತಿಪ್ಪಾಭಟ್ಟ ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದ.

ಒಂದು ಬೇಸಿಗೆಯಲ್ಲಿ ಗಡಿಯ ಕಡೆ ಧೂಳೆದ್ದಿದೆ ಎಂದು ಗೂಢಚಾರ ಓಡಿಬಂದ. ಅದು ಕುರಿಮಂದೆಯ ಧೂಳೆಂದು ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ಯುದ್ಧಸಭೆ ಸೇರಿ ನಿರ್ಧಾರವೂ ಆಗಿತ್ತು. ಮಹಾರಾಜರು ಸಪರಿವಾರರಾಗಿ ಬೇಸಿಗೆ ಅರಮನೆಗೆ ಕಾರ್ಯತಂತ್ರದ ಸ್ಥಳಾಂತರ ಹೊಂದುವುದು. ಶತ್ರುವಿನ ಕೈಗೆ ಸಿಗಬಾರದೆಂದು ಕಣಜದ ಧಾನ್ಯವನ್ನೆಲ್ಲ ಜೊತೆಗೇ ಸಾಗಿಸುವುದು. ಶತ್ರು ಒಳಗೆ ನುಗ್ಗದಂತೆ ಕೋಟೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದು. ಒಳಗೆ ಉಳಿಯುವ ಜನ ಏನು ತಿನ್ನಬೇಕೆಂದು ಯಾರೋ ಮೆಲ್ಲಗೆ ಕೇಳಿದರಂತೆ. ಮಹಾರಾಜರು ತಕ್ಷಣ ಅಪ್ಪಣೆ ಕೊಡಿಸಿದರು: "ನಗರದಲ್ಲಿ ಯಾರೂ ಹಸಿದಿರಕೂಡದು." ಡಂಗುರ ಸಾರಿದರು. ಆ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಬೀಗದ ಕೈಯನ್ನು ಮಹಾರಾಜರು ತಮ್ಮ ಉಡಿದಾರಕ್ಕೇ ಕಟ್ಟಿಕೊಂಡರು.

ತಿಪ್ಪಾಭಟ್ಟನಿಗೆ ಒಂದು ಎತ್ತಿನ ಗಾಡಿ ಮಂಜೂರಾಗಿತ್ತು. ಅದರ ತುಂಬ ಅವನು ತಾಳೆಗರಿಯ ಗ್ರಂಥಗಳನ್ನು ಪೇರಿಸಿದ. ಅಕ್ಕ, ಸೋದರಸೊಸೆ ತುಂಗೆ ಇಬ್ಬರೂ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗಾಡಿ ನೋಡಿದರು. ತಿಪ್ಪಾಭಟ್ಟ ಮುಖ ಬೇರೆ ಕಡೆ ಮಾಡಿ, ಗಾಡಿಯಲ್ಲಿ ಜಾಗವಿಲ್ಲವೆಂದೂ, ಹೇಗಿದ್ದರೂ ನಾಲ್ಕು ದಿನದ ಮಾತೆಂದೂ ಹೇಳಿದ. ದೇವೀರಮ್ಮ ಗಂಟನ್ನು ಕೆಳಗಿಟ್ಟು, "ಮೇಲೊಂದು ಕಂಬಳಿ ಹೊದಿಸ್ಕೊಂಡು ಹೋಗೋ, ಮಳೆ ಬಂದ್ರೆ ಪುಸ್ತಕ ನೆನೆದಾವು" ಅಂದಳು. ತುಂಗೆ ತನ್ನ ಕಂಬಳಿಯನ್ನೇ ತಂದುಕೊಟ್ಟಳು.

ಶತ್ರು ಬರಲಿಲ್ಲ. ಆದರೆ ಬೇಸಿಗೆ ಅರಮನೆಯ ತೋಪಿನಲ್ಲಿ ಆ ವರ್ಷ ಮಾವು ಬಹಳ ಸೊಗಸಾಗಿ ಬಂದಿತ್ತು. ಮಾವು ಮುಗಿಯಲೆಂದು ಕಾದರು. ಮಾವು ಮುಗಿಯುವ ಹೊತ್ತಿಗೆ ಹಲಸು ಹಣ್ಣಾಯಿತು. ಅದು ಮುಗಿದಾಗ ಮಳೆ ಹಿಡಿಯಿತು, ದಾರಿಯೆಲ್ಲ ಕೆಸರು, ರಾಜರಥ ಕೆಸರಿಗಿಳಿಯುವ ಪದ್ಧತಿಯಿಲ್ಲ. ಕೋಟೆಗೆ ಬೀಗ ಹಾಕಿದ್ದು ನೆನಪಿದ್ದವರಿಗೆ ಹೇಳಲು ಧೈರ್ಯವಿರಲಿಲ್ಲ. ಧೈರ್ಯವಿದ್ದವರಿಗೆ ಅದು ನೆನಪಿರಲಿಲ್ಲ. ತಿಪ್ಪಾಭಟ್ಟ ಮೊದಲನೆಯ ಗುಂಪಿಗೆ ಸೇರಿದವನು.

ಕಡೆಗೊಮ್ಮೆ ಬಿಸಿಲು ಬಿದ್ದು ದಾರಿ ಒಣಗಿ, ಮಹಾರಾಜರು ಮರಳಿ ಬಂದು ಬೀಗ ತೆಗೆಸಿದರು. ಜನ ಗೋಡೆ ಹಿಡಿದುಕೊಂಡು ಸ್ವಾಗತಕ್ಕೆ ಬಂದರು. ಅರ್ಧ ಊರು ಕಾಣುತ್ತಿರಲಿಲ್ಲ. ಮಹಾರಾಜರು ಆನೆಯ ಮೇಲಿಂದ ಕಿವಿಗೊಟ್ಟು ಕಾದರು. ಒಬ್ಬನೂ ತೇಗಲಿಲ್ಲ. ಎಂಥ ನಿಶ್ಶಬ್ದವೆಂದರೆ, ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ನಾಯಿಗಳೂ ಇರಲಿಲ್ಲ.

ಅಷ್ಟು ದೊಡ್ಡ ಅವಮಾನವಾದ ಮೇಲೆ ಸತ್ಯಶೋಧನಾ ಸಮಿತಿ ರಚಿಸದೆ ಇರಲಾಗುತ್ತದೆಯೆ? ಮಹಾಮಾತ್ಯ ನಯಸಾಗರರು ಅದರ ಅಧ್ಯಕ್ಷರಾದರು. ಅವರು ತುಂಬಿದ ಸಭೆಯಲ್ಲಿ ಮಂಡಿಸಿದ ತರ್ಕ ಹೀಗಿತ್ತು. ಯಾರೂ ಹಸಿದಿರಕೂಡದೆಂದು ರಾಜಾಜ್ಞೆಯಾಗಿತ್ತು. ರಾಜಾಜ್ಞೆ ಎಂದೂ ವಿಫಲವಾಗುವುದಿಲ್ಲ. ಆದ್ದರಿಂದ ಹಸಿವಿನಿಂದ ಯಾರೂ ಸತ್ತಿಲ್ಲ. ಕೋಟೆಗೆ ಬೀಗ ಹಾಕಿತ್ತು, ಕೀಲಿ ಪ್ರಭುಗಳ ಉಡಿದಾರದಲ್ಲೇ ಇತ್ತು. ಆದ್ದರಿಂದ ಯಾರೂ ಹೊರಗೆ ಹೋಗಿಲ್ಲ. ಸತ್ತವರನ್ನು ಹೂತೆವೆಂದು ಜನ ಹೇಳುತ್ತಾರೆ. ಸ್ಮಶಾನವಿರುವುದು ಕೋಟೆಯ ಹೊರಗೆ. ಕೋಟೆಯೊಳಗೆ ಹೆಣ ಹೂಳುವುದು ನಗರಸಭೆಯ ನಿಯಮಕ್ಕೆ ವಿರುದ್ಧ. ನಿಯಮಕ್ಕೆ ವಿರುದ್ಧವಾದದ್ದು ನಡೆದಿರಲು ಸಾಧ್ಯವಿಲ್ಲ.

"ಹಾಗಾದರೆ ಉಳಿದ ಅರ್ಧ ಊರು ಏನಾಯಿತು?" ಎಂದು ಮಹಾರಾಜರು ಕೇಳಿದರು.

"ಈ ಅರ್ಧ ಊರು ತಿಂದಿದೆ, ಪ್ರಭು."

ಸಭೆ ಚಪ್ಪಾಳೆ ತಟ್ಟಿತು. ತಿಪ್ಪಾಭಟ್ಟನೂ ತಟ್ಟಿದ. ಮೊದಲ ಸಾಲಿನಲ್ಲಿ ಕುಳಿತು ತಟ್ಟದೆ ಇರುವುದು ಕಷ್ಟ.

ಅವನು ಊರಿಗೆ ಬಂದೊಡನೆ ಅಕ್ಕನ ಮನೆಗೆ ಓಡಿದ್ದ ಎಂಬುದನ್ನು ಇಲ್ಲಿ ಹೇಳಲೇಬೇಕು. ದೇವೀರಮ್ಮ ಕಂಬಕ್ಕೊರಗಿ ಕುಳಿತಿದ್ದಳು, ಒಣಗಿದ ಕಟ್ಟಿಗೆಯ ಹಾಗಾಗಿದ್ದಳು. ತುಂಗೆ ಎಲ್ಲಿ ಎಂದದ್ದಕ್ಕೆ ಹಿತ್ತಲ ಕಡೆ ಕೈ ತೋರಿಸಿದಳು. ನುಗ್ಗೆಮರದ ಬುಡದಲ್ಲಿ ಮಣ್ಣು ಸ್ವಲ್ಪ ಎತ್ತರವಾಗಿತ್ತು. ಊರಿನ ಮರಗಳೆಲ್ಲ ಎಲೆ ಕಳೆದುಕೊಂಡು, ತೊಗಟೆಯೂ ಸುಲಿದು ಬೆತ್ತಲೆ ನಿಂತಿದ್ದವು, ಬೇವನ್ನೂ ಬಿಟ್ಟಿರಲಿಲ್ಲ. ಈ ಒಂದು ಮರ ಮಾತ್ರ ಸೊಪ್ಪು ತುಂಬಿಕೊಂಡು ಹಸುರಾಗಿತ್ತು. ಮಗಳನ್ನು ಅಲ್ಲಿ ಮಲಗಿಸಿದ ಮೇಲೆ ದೇವೀರಮ್ಮನಿಗೆ ಅದರ ಎಲೆ ಕೀಳಲು ಕೈ ಬಂದಿರಲಿಲ್ಲ. ಆ ಬೀದಿಯ ಜನ ಹಸಿವಿನಿಂದ ಬಿದ್ದುಹೋದರೇ ಹೊರತು, ಬೇಲಿ ದಾಟಿ ಬಂದು ಒಂದು ಕಡ್ಡಿ ಮುರಿದಿರಲಿಲ್ಲ. ತಿಪ್ಪಾಭಟ್ಟ ಆ ಮಣ್ಣಿನ ಮೇಲೆ ಬಿದ್ದು ಹೊರಳಾಡಿ ಅತ್ತ. ಅದು ನಾಟಕವಲ್ಲ, ನಿಜವಾಗಿಯೇ ಅತ್ತ. ಅವನ ಗಾಡಿಯ ಮೇಲೆ ಇನ್ನೂ ತುಂಗೆಯ ಕಂಬಳಿ ಇತ್ತು.

ಸಮಿತಿ ಊರು ಸುತ್ತುತ್ತಾ ಅದೇ ಹಿತ್ತಲಿಗೆ ಬಂತು. ಮಹಾಮಾತ್ಯರು ಮರವನ್ನು ನೋಡಿ ಸಂತೋಷದಿಂದ ಹುಬ್ಬು ಹಾರಿಸಿದರು. ನಗರದ ಜನ ಹಸಿವಿಲ್ಲದಿದ್ದರೂ ಬರೀ ನಾಲಿಗೆ ಚಪಲಕ್ಕಾಗಿ ಸೊಪ್ಪು, ತೊಗಟೆ ಎಲ್ಲ ತಿಂದುಹಾಕಿದ್ದಾರೆಂದು ಸಮಿತಿ ಆಗಲೇ ತೀರ್ಮಾನಿಸಿತ್ತು. ಅಂಥದ್ದರಲ್ಲಿ ಈ ಮನೆಯವಳು ಸೊಪ್ಪು ಮುಟ್ಟಿಲ್ಲ ಎಂದರೆ ಏನರ್ಥ? ಸೊಪ್ಪಿಗಿಂತ ಉತ್ತಮವಾದದ್ದು ಏನೋ ಸಿಕ್ಕಿರಬೇಕು. ಮಗಳು ಬೇರೆ ಕಾಣುತ್ತಿಲ್ಲ. ನಿಸ್ಸಂದಿಗ್ಧ ಸಾಕ್ಷ್ಯವೆಂದು ಮರಕ್ಕೆ ಅರಗಿನ ಮುದ್ರೆ ಒತ್ತಿ, ದೇವೀರಮ್ಮನನ್ನು ಪ್ರಥಮ ಆರೋಪಿಯನ್ನಾಗಿ ಸೆರೆಗೆ ಹಾಕಿದರು. ಸಂಜೆ ಹೊರಟ ಪ್ರಕಟಣೆಯಲ್ಲಿ ತನಿಖೆ ಚುರುಕುಗೊಂಡಿದೆ ಎಂದಿತ್ತು.

ಇನ್ನು ಶಿಕ್ಷೆಯ ಪ್ರಶ್ನೆ. ಮನುಷ್ಯರನ್ನು ತಿಂದವರನ್ನು ಹಿಂದಿನ ರಾಜ್ಯಗಳು ಹೇಗೆ ನೋಡಿದವು, ಹೇಗೆ ದಂಡಿಸಿದವು ಎಂದು ತುಲನಾತ್ಮಕ ಅಧ್ಯಯನ ಮಾಡಿ ವರದಿ ಒಪ್ಪಿಸುವಂತೆ ಆಸ್ಥಾನ ಪಂಡಿತನಿಗೆ ಅಪ್ಪಣೆಯಾಯಿತು. ತಿಪ್ಪಾಭಟ್ಟ ಗಾಡಿಯಿಂದ ಗ್ರಂಥಗಳನ್ನು ಇಳಿಸಿಕೊಂಡು ಕುಳಿತ. ಅಕ್ಕನ ಜೀವ ಉಳಿಸುವ ಒಂದು ವಾಕ್ಯ ಎಲ್ಲಾದರೂ ಸಿಕ್ಕೀತೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ. ಜೀವಮಾನದಲ್ಲಿ ಮೊದಲ ಸಲ ಅವನು ಓದಿದ್ದು ಬೇರೆಯವರಿಗಾಗಿ.

ಮರಳುಗಾಡಿನ ಒಂದು ರಾಜ್ಯದಲ್ಲಿ ನರಭಕ್ಷಕನ ತುಟಿಗಳನ್ನು ಹೊಲಿದು, ಊರವರೆಲ್ಲ ಉಣ್ಣುವ ಪಂಕ್ತಿಯ ನಡುವೆ ಅವನು ಸಾಯುವತನಕ ಕೂರಿಸುತ್ತಿದ್ದರು. ಕಡಲತೀರದ ಇನ್ನೊಂದು ರಾಜ್ಯದಲ್ಲಿ, ನಡುಗಡಲಲ್ಲಿ ದಿಕ್ಕುತಪ್ಪಿದ ನಾವಿಕರು ಚೀಟಿಯೆತ್ತಿ ತಮ್ಮಲ್ಲೊಬ್ಬನನ್ನು ತಿಂದು ಬಂದರೆ ನ್ಯಾಯಾಧೀಶರು ಚೀಟಿ ಸರಿಯಾಗಿ ಎತ್ತಿದರೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದರು. ಚೀಟಿ ಯಾವಾಗಲೂ ಹಡಗಿನ ಕೂಲಿಯ ಹೆಸರಿಗೇ ಬರುತ್ತಿದ್ದುದು ಅವರಿಗೆ ವಿಶೇಷವಾಗಿ ಕಂಡಿರಲಿಲ್ಲ. ಬೆಟ್ಟದ ಮೇಲಿನ ಜನರಲ್ಲಿ ತೀರಿಹೋದ ತಂದೆಯ ಎಲುಬಿನ ಬೂದಿಯನ್ನು ಮಕ್ಕಳು ಗಂಜಿಗೆ ಬೆರೆಸಿ ಕುಡಿಯುತ್ತಿದ್ದರು. ಕುಡಿಯದ ಮಗನನ್ನು ಕೃತಘ್ನನೆಂದು ಊರಿಂದ ಹೊರಗಿಡುತ್ತಿದ್ದರು. ಪಡುವಣದ ಒಂದು ನಾಗರಿಕ ರಾಜ್ಯದಲ್ಲಿ ಬರಗಾಲದಲ್ಲಿ ಹೆಣ ತಿಂದ ಬಡ ಹೆಂಗಸನ್ನು ಸುಟ್ಟುಹಾಕಿದ ನ್ಯಾಯಾಧೀಶ, ಮನೆಗೆ ಹೋಗಿ ತಲೆನೋವಿಗೆಂದು ಹಳೆಯ ಹೆಣದ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕುತ್ತಿದ್ದ. ಅದಕ್ಕೆ ಔಷಧಿ ಎನ್ನುತ್ತಿದ್ದರು.

ಅಷ್ಟು ದೂರ ಹೋಗುವುದೇಕೆ? ಈಗಿನ ಮಹಾರಾಜರ ತಾತನವರ ಸೇನೆ ಒಂದು ಮುತ್ತಿಗೆಯಲ್ಲಿ ದವಸ ಮುಗಿದಾಗ ಶತ್ರುಗಳನ್ನು ಹುರಿದು ತಿಂದಿತ್ತು. ಆ ಪರಾಕ್ರಮವನ್ನು ಕೊಂಡಾಡುವ ಶಿಲಾಸ್ತಂಭ ಅರಮನೆಯ ಮುಂದೆಯೇ ಇತ್ತು. ವರ್ಷಕ್ಕೊಮ್ಮೆ ಅದಕ್ಕೆ ಹೂವಿನ ಹಾರ ಹಾಕುತ್ತಿದ್ದರು. ಹಾರ ಹಾಕುವಾಗ ಓದುವ ಶ್ಲೋಕ ಬರೆದವನು ತಿಪ್ಪಾಭಟ್ಟನೇ.

ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅವನಿಗೆ ಒಂದು ಮಾತು ಹೊಳೆಯಿತು. ಯಾರನ್ನು ತಿಂದರು, ಯಾಕೆ ತಿಂದರು ಎಂಬುದನ್ನು ಯಾವ ರಾಜ್ಯವೂ ಕೇಳಿರಲಿಲ್ಲ. ತಿಂದವರು ಯಾರು ಎಂಬುದನ್ನಷ್ಟೇ ಕೇಳಿತ್ತು. ಈ ಮಾತನ್ನು ಸಭೆಯಲ್ಲಿ ಹೇಳಿದರೆ ತನ್ನ ತುಟಿಗೂ ಸೂಜಿ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಅದನ್ನು ಸ್ವಲ್ಪ ತಿರುಗಿಸಿ, ಎಣ್ಣೆ ಸವರಿ, ಹೊಳಪು ಕೊಟ್ಟು ತೆಗೆದುಕೊಂಡು ಹೋದ.

ಮಹಾರಾಜರಿಗೆ ವರದಿಯಲ್ಲಿ ತುಟಿ ಹೊಲಿಯುವ ಭಾಗ ಹಿಡಿಸಿತ್ತು. ಮಹಾಮಾತ್ಯರು ಅದನ್ನು ರಾಜ್ಯೋತ್ಸವದ ಜೊತೆ ಸೇರಿಸಬಹುದೆಂದು ಸಲಹೆ ಕೊಡುತ್ತಿದ್ದಾಗ ತಿಪ್ಪಾಭಟ್ಟ ಎದ್ದು ನಿಂತ.

"ಪ್ರಭು, ಸಕಲ ಗ್ರಂಥಗಳ ಸಾರ ಒಂದೇ. ದೊರೆಯ ಅನುಮತಿಯಿಂದ ತಿಂದದ್ದು ಅಪರಾಧವಲ್ಲ, ಪ್ರಸಾದ."

"ನಾನು ಅನುಮತಿ ಕೊಟ್ಟಿದ್ದೆನೆ?"

"ಯಾರೂ ಹಸಿದಿರಕೂಡದೆಂದು ತಾವು ಅಪ್ಪಣೆ ಕೊಡಿಸಿದಿರಿ. ಏನನ್ನು ತಿನ್ನಬೇಕೆಂದು ಹೇಳದೆ ಬಿಟ್ಟಿರಿ. ಹಾಗೆ ಬಿಟ್ಟದ್ದರಲ್ಲೇ ತಮ್ಮ ದೂರದೃಷ್ಟಿ ಇದೆ."

ಮಹಾರಾಜರು ಮೀಸೆ ತಿರುವಿದರು. "ನನಗೂ ಆವಾಗಲೇ ಹಾಗನ್ನಿಸಿತ್ತು" ಎಂದರು.

ಹೀಗೆ ಪೂರ್ವಾನ್ವಯವಾಗುವಂತೆ ನರಾಹಾರ ಅನುಮತಿ ಶಾಸನ ಹೊರಬಿತ್ತು. ಬದುಕಿರುವ ಪ್ರತಿಯೊಬ್ಬ ಪ್ರಜೆಯೂ ದರ್ಬಾರಿಗೆ ಬಂದು, ತಾನು ತಿಂದದ್ದು ಯಾರನ್ನೆಂದು ಹೇಳಿ, ಕೃತಜ್ಞತೆಯಿಂದ ತೇಗತಕ್ಕದ್ದು. ತೇಗಿದವನು ನಿರಪರಾಧಿ, ಅಷ್ಟೇ ಅಲ್ಲ, ಫಲಾನುಭವಿ. ತೇಗದವನ ತುಟಿ ಹೊಲಿಯತಕ್ಕದ್ದು.

ಅಂದು ಮಧ್ಯಾಹ್ನವೇ ತಿಪ್ಪಾಭಟ್ಟ ಗೆದ್ದ ಸಂಭ್ರಮದಲ್ಲಿ ಸೆರೆಮನೆಗೆ ಹೋದ. ಅಕ್ಕ ಮೂಲೆಯಲ್ಲಿ ಕುಳಿತಿದ್ದಳು. ಒಂದು ಸಲ ತೇಗಿಬಿಟ್ಟರೆ ಮನೆಗೆ ಹೋಗಬಹುದೆಂದು ವಿವರಿಸಿದ.

"ಹೊಟ್ಟೇಲಿ ಏನಿದೆ ಅಂತ ತೇಗ್ಲೋ?" ಅಂದಳು ಅವಳು.

"ಸುಮ್ನೆ ಶಬ್ದ ಮಾಡಕ್ಕಾ. ಜೀರಿಗೆ ಕಷಾಯ ಕೊಡ್ತಾರೆ, ತಾನಾಗೇ ಬರುತ್ತೆ."

"ಹೆಸರೂ ಹೇಳ್ಬೇಕಂತಲ್ಲ?"

ತಿಪ್ಪಾಭಟ್ಟ ನೆಲ ನೋಡಿದ.

"ಕೊನೆಕೊನೆಗೆ ತುಂಗೆ ಗಂಜಿ ಇದೆಯೇನಮ್ಮ ಅಂತ ಕೇಳೋದನ್ನೇ ಬಿಟ್ಟಿದ್ಲು ಕಣೋ," ಎಂದಳು ದೇವೀರಮ್ಮ. "ಕೇಳಿದ್ರೆ ನನಗೆ ಸಂಕಟ ಆಗುತ್ತೆ ಅಂತ. ಹಸಿವಾಗ್ಲಿಲ್ಲಮ್ಮ, ಹಸಿವಾಗ್ಲಿಲ್ಲ ಅಂತಾನೇ ಹೋದ್ಲು. ಆ ಮಗೂನ ತಿಂದೆ ಅಂತ ಈ ಬಾಯಲ್ಲಿ ಹೇಳಿಸ್ತೀಯಾ? ಹೊಲಿಯೋದಾದ್ರೆ ಹೊಲೀಲಿ. ನನಗೇನೂ ಇನ್ನು ಈ ಬಾಯಿಂದ ಆಗಬೇಕಾಗಿಲ್ಲ."

ದರ್ಬಾರಿನ ದಿನ ಊರೆಲ್ಲ ಸಾಲುಗಟ್ಟಿತ್ತು. ಕಣಜದ ಧಾನ್ಯ ಇನ್ನೂ ಬೇಸಿಗೆ ಅರಮನೆಯಿಂದ ವಾಪಸು ಬಂದಿರಲಿಲ್ಲವಾದ್ದರಿಂದ ಎಲ್ಲರಿಗೂ ಬರೀ ಹೊಟ್ಟೆಗೆ ಒಂದೊಂದು ಲೋಟ ಜೀರಿಗೆ ಕಷಾಯ ಕೊಟ್ಟರು. ಒಬ್ಬೊಬ್ಬರಾಗಿ ಬಂದು ತೇಗಿ, ಅಣ್ಣನನ್ನು ಎಂದರು, ಅತ್ತೆಯನ್ನು ಎಂದರು, ಹಸುಗೂಸನ್ನು ಎಂದರು. ಮುದುಕನೊಬ್ಬ ಹೆಂಡತಿಯ ಹೆಸರು ಹೇಳಿದವನು ಅಲ್ಲಿಂದ ಕದಲದೆ ನಿಂತುಬಿಟ್ಟ. ಸಾಲಿಗೆ ಅಡಚಣೆಯಾಗುತ್ತದೆಂದು ಅವನನ್ನು ಎತ್ತಿ ಪಕ್ಕಕ್ಕಿಟ್ಟರು. ಮಹಾರಾಜರು ಪ್ರತಿ ತೇಗಿಗೂ ತಲೆದೂಗುತ್ತಿದ್ದರು. ಇಷ್ಟೊಂದು ಜನಕ್ಕೆ ತಾವು ಅನ್ನ ಕೊಟ್ಟದ್ದು ಅವರಿಗೇ ಗೊತ್ತಿರಲಿಲ್ಲ.

ದೇವೀರಮ್ಮನ ಸರದಿ ಬಂತು. ಅವಳು ಕಷಾಯದ ಲೋಟ ಮುಟ್ಟಲಿಲ್ಲ. ಮಹಾರಾಜರು ಕಾದರು. ತುಟಿ ಹೊಲಿಯಲು ನೇಮಿಸಿದ್ದ ಚಮ್ಮಾರ ಸೂಜಿಗೆ ದಾರ ಪೋಣಿಸಿಕೊಂಡ. ಅವಳ ಬೆನ್ನ ಹಿಂದೆ ನಿಂತಿದ್ದ ತಿಪ್ಪಾಭಟ್ಟ ಅಂದು ಅರಮನೆಯಲ್ಲಿ ತುಪ್ಪ ಸುರಿದುಕೊಂಡು ಹೋಳಿಗೆ ಉಂಡಿದ್ದ. ಹೆದರಿಕೆಗೋ, ಹೋಳಿಗೆಗೋ, ಅಕ್ಕನ ಮೇಲಿನ ಪ್ರೀತಿಗೋ, ಅವನ ಹೊಟ್ಟೆಯಾಳದಿಂದ ಒಂದು ತೇಗು ಎದ್ದು ಬಂದು ಸಭಾಮಂಟಪವೆಲ್ಲ ಮೊಳಗಿತು.

"ಮಗಳು ತುಂಗೆಯನ್ನಂತೆ, ಪ್ರಭು," ಎಂದು ಅವನೇ ಹೇಳಿಯೂ ಬಿಟ್ಟ.

ತೇಗು ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. ಅಂಥ ತೇಗನ್ನು ಕೇಳಿ ಎಷ್ಟೋ ತಿಂಗಳಾಗಿದ್ದುದರಿಂದ ಮಹಾರಾಜರು ಸಂತುಷ್ಟರಾಗಿ ಕೈಯೆತ್ತಿ ಹರಸಿದರು. ದೇವೀರಮ್ಮ ಹಿಂತಿರುಗಿ ತಮ್ಮನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಎಷ್ಟೋ ಬದುಕಿಕೊಳ್ಳುತ್ತಿದ್ದ.

ಆ ಒಂದು ದಿನದಿಂದ ಸುಭಿಕ್ಷಪುರದ ಹೆಸರು ದೇಶದೇಶಗಳಿಗೆ ಹಬ್ಬಿತು. ಪ್ರಜೆಗಳು ಸ್ಥಳೀಯ ಸಂಪನ್ಮೂಲವನ್ನೇ ಬಳಸಿಕೊಂಡು ಸ್ವಾವಲಂಬಿಗಳಾದ ಬಗೆಯನ್ನು ಅಭ್ಯಾಸ ಮಾಡಲು ಬೇರೆ ರಾಜ್ಯಗಳ ನಿಯೋಗಗಳು ಬಂದು ಊಟ ಮಾಡಿಕೊಂಡು ಹೋದವು. ಕಣಜದ ಅಗತ್ಯವಿಲ್ಲವೆಂದು ಸಾಬೀತಾದದ್ದರಿಂದ ಅದನ್ನು ಕಾಯಂ ಆಗಿ ಬೇಸಿಗೆ ಅರಮನೆಗೆ ವರ್ಗಾಯಿಸಿದರು. ಮಾವಿನ ಕಾಲಕ್ಕೆ ಕೋಟೆಗೆ ಬೀಗ ಹಾಕುವುದು ವಾರ್ಷಿಕ ಯೋಜನೆಯಾಯಿತು. ತಿಪ್ಪಾಭಟ್ಟನಿಗೆ ಆಹಾರನ್ಯಾಯಚಕ್ರವರ್ತಿ ಎಂಬ ಬಿರುದು, ಶಾಲು, ಹಣ್ಣಿನ ಬುಟ್ಟಿ ಸಿಕ್ಕವು. ಬುಟ್ಟಿಯನ್ನು ಅಕ್ಕನ ಮನೆಗೆ ಕಳಿಸಿದ. ಅದು ಹಾಗೆಯೇ ವಾಪಸು ಬಂತು.

ಮರುವರ್ಷ ಮಾವು ಹಣ್ಣಾಯಿತು. ಗಾಡಿಗಳು ಸಾಲಾಗಿ ನಿಂತವು. ಈ ಸಲ ವಿದೇಶಿ ನಿಯೋಗಗಳು, ಅವರ ಸಾಮಾನು, ಮಹಾರಾಜರ ಹೊಸ ಶಿಲಾಪ್ರತಿಮೆ ಎಲ್ಲ ಹೊರಟಿದ್ದವು. ಪ್ರತಿಮೆಯೊಂದಕ್ಕೇ ಹತ್ತಾರು ಎತ್ತು ಬೇಕಾದವು. ತಿಪ್ಪಾಭಟ್ಟ ಶಾಲು ಹೊದ್ದು ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಓಡಾಡಿದ. ಮಹಾಮಾತ್ಯರು ಬಹಳ ವಿನಯದಿಂದ, ಜಾಗವಿಲ್ಲ ಪಂಡಿತರೇ, ನಾಲ್ಕು ದಿನದ ಮಾತು ಎಂದರು. ಬಾಗಿಲು ಮುಚ್ಚಿತು. ಬೀಗ ಬಿದ್ದ ಸದ್ದು ಒಳಗಿನಿಂದ ಕೇಳಿದಾಗ ಎಷ್ಟು ದೊಡ್ಡದಿರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿದ್ದ ದವಸ ಮುಗಿದ ಮೇಲೆ ಅವನು ಅಕ್ಕನ ಬಾಗಿಲಿಗೆ ಹೋಗಿ ನಿಂತ. ದೇವೀರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಸಲ ಗಾಡೀಲಿ ಜಾಗ ಇರ್ಲಿಲ್ವೇನೋ?" ಎಂದು ಕೇಳಿ, ಪಕ್ಕಕ್ಕೆ ಸರಿದು ಒಳಗೆ ಬಿಟ್ಟಳು.

ಊರಿನಲ್ಲಿ ಮೈಯಲ್ಲಿ ಮಾಂಸವಿದ್ದವನು ಆಗ ಅವನೊಬ್ಬನೇ. ಒಂದು ಸಂಜೆ ಬೀದಿಯ ಜನ ಗುಂಪಾಗಿ ಬೇಲಿಯ ಹತ್ತಿರ ಬಂದು ನಿಂತು ಇಣುಕಿದಾಗ, ತಿಪ್ಪಾಭಟ್ಟನಿಗೆ ತನ್ನದೇ ಶಾಸನ ನೆನಪಾಯಿತು. ಅವನು ಓಡಿಹೋಗಿ ಅಟ್ಟದ ಮೇಲೆ ಅಡಗಿದ. ಕೆಳಗೆ ಮಾತು ಕೇಳಿಸಿತು. ಅವರು ಕೇಳಲು ಬಂದದ್ದು ನುಗ್ಗೆಸೊಪ್ಪನ್ನು. ಮಕ್ಕಳಿದ್ದ ಮನೆಯವರು ಅವರು. ಕೇಳುವುದಕ್ಕೇ ನಾಚಿಕೊಳ್ಳುತ್ತಿದ್ದರು.

"ಕಿತ್ಕೊಳ್ಳಿ," ಎಂದಳು ದೇವೀರಮ್ಮ. "ಹೋದ ಸಲ ನಂಗೇ ಕೈ ಬರ್ಲಿಲ್ಲ. ತುಂಗೆ ಇದ್ದಿದ್ರೆ ತಾನೇ ಮರ ಹತ್ತಿ ಕಿತ್ಕೊಡೋಳು."

ಅರಗಿನ ಮುದ್ರೆಯಿದ್ದ ಆ ಮರವನ್ನು ಬೀದಿಯೆಲ್ಲ ಹಂಚಿಕೊಂಡಿತು. ಮನೆಯಲ್ಲಿ ಬೆಂದ ಸೊಪ್ಪನ್ನು ದೇವೀರಮ್ಮ ತಮ್ಮನ ಎಲೆಗೇ ಹೆಚ್ಚು ಬಡಿಸಿ, ತನ್ನದಾಯಿತು ಎನ್ನುತ್ತಿದ್ದಳು. ಯಾವಾಗ ಉಂಡಳೆಂದು ಅವನು ಕೇಳಲಿಲ್ಲ. ಹಸಿವು ಬಹಳವಿತ್ತು, ಕೇಳಿದರೆ ಉತ್ತರ ಗೊತ್ತಾಗುತ್ತಿತ್ತು. ಮರದಲ್ಲಿ ಒಂದು ಎಲೆಯೂ ಉಳಿಯದ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಒಂದು ಬೆಳಗ್ಗೆ ಏಳಲಿಲ್ಲ. ತಿಪ್ಪಾಭಟ್ಟ ತುಂಗೆಯ ಪಕ್ಕದಲ್ಲೇ ಮಣ್ಣು ತೋಡಿದ. ಆ ಅಂಗೈಗಳು ಅಲ್ಲಿಯತನಕ ತಾಳೆಗರಿಯನ್ನಷ್ಟೇ ಹಿಡಿದಿದ್ದವು, ಬೊಬ್ಬೆಯೆದ್ದು ಒಡೆದವು. ಬೀದಿಯ ಜನ ಬಂದು ಕೈಜೋಡಿಸಿದರು.

ಆ ವರ್ಷವೂ ಸುಭಿಕ್ಷಪುರದಲ್ಲಿ ಯಾರೂ ಯಾರನ್ನೂ ತಿನ್ನಲಿಲ್ಲ.

ದಾರಿ ಒಣಗಿದ ಮೇಲೆ ಮಹಾರಾಜರು ಮೈಕೈ ತುಂಬಿಕೊಂಡು ಮರಳಿದರು. ದರ್ಬಾರು ಕೂಡಿತು, ಕಷಾಯ ಹಂಚಿದರು. ಸಾಲಿನಲ್ಲಿ ನಿಂತಿದ್ದ ಎಲುಬಿನ ಗೂಡನ್ನು ಮಹಾಮಾತ್ಯರು ಗುರುತು ಹಿಡಿಯಬೇಕಾದರೆ ಶಾಲನ್ನು ನೋಡಬೇಕಾಯಿತು.

"ನಮ್ಮ ಪಂಡಿತರಲ್ಲವೆ?" ಎಂದು ಮಹಾರಾಜರು ಪ್ರೀತಿಯಿಂದ ನಕ್ಕರು. "ಎಲ್ಲಿ, ಹೋದ ವರ್ಷದಂಥ ಒಂದು ತೇಗು ಬರಲಿ."

ತಿಪ್ಪಾಭಟ್ಟ ಬಾಯಿ ತೆರೆದ. ಏನೂ ಬರಲಿಲ್ಲ. ಚಮ್ಮಾರ ಸೂಜಿ ಎತ್ತಿಕೊಂಡ. ತಿಪ್ಪಾಭಟ್ಟ ಬೆನ್ನ ಹಿಂದೆ ತಿರುಗಿ ನೋಡಿದ. ಅವನ ಪರವಾಗಿ ತೇಗಬಲ್ಲ ಹೊಟ್ಟೆ ಆ ಸಾಲಿನಲ್ಲಿ ಒಂದೂ ಇರಲಿಲ್ಲ. ಲೋಟ ಎತ್ತಿ ಕಷಾಯವನ್ನು ಒಂದೇ ಗುಟುಕಿಗೆ ಕುಡಿದ. ಸ್ವಲ್ಪ ಹೊತ್ತಾದ ಮೇಲೆ ಎಲ್ಲಿಂದಲೋ ಒಂದು ಸಣ್ಣ ಸದ್ದು ಬಂತು.

"ಯಾರನ್ನು?" ಎಂದು ಮಹಾಮಾತ್ಯರು ಕೇಳಿದರು.

"ಅಕ್ಕನನ್ನು."

ಅವನ ಕಣ್ಣಲ್ಲಿ ನೀರು ಬಂತು. ಕಷಾಯದಲ್ಲಿ ಮೆಣಸು ಜಾಸ್ತಿಯಾಗಿದೆ ಎಂದು ಮಹಾರಾಜರು ಅಡುಗೆಯವನನ್ನು ಗದರಿದರು. ಮುಂದಿನವರು ಬನ್ನಿ ಎಂದು ಕಾವಲುಗಾರ ಕೂಗಿದ. ಸಾಲು ಹೋದ ವರ್ಷದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ಕೆಲಸ ಬೇಗ ಮುಗಿಯಿತೆಂದು ಮಹಾಮಾತ್ಯರು ಅದನ್ನು ಆಡಳಿತ ಸುಧಾರಣೆಯ ಲೆಕ್ಕಕ್ಕೆ ಬರೆಸಿದರು.